ಧ್ರುವ ಮರೆಯಾದ ಮೇಲೆ: ಎರಡು ಆಟಿಕೆ ಕಾರ್ಖಾನೆಗಳ ಕಥೆ

(ಬೈರಾಪಟ್ಟಣದಲ್ಲಿ ನಡೆದ ಸಂಜೆಯ ಸಭೆಯಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಚನ್ನಪಟ್ಟಣದ ಮಗ್ಗುಲಲ್ಲಿ ನಿಂತು ಆಟಿಕೆಗಳ ಬಗ್ಗೆ ಮಾತನಾಡುವುದೆಂದರೆ ಕಮ್ಮಾರರ ಕೇರಿಯಲ್ಲಿ ಸೂಜಿ ಮಾರಿದಂತೆ. ಹಾಲೆ ಮರದ ತುಂಡನ್ನು ಲೇಥಿಗೆ ಸಿಕ್ಕಿಸಿ, ಉಳಿ ಹಿಡಿದು, ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಏರಿಸುವುದನ್ನು ನಾನು ನಿಮಗೆ ವಿವರಿಸಬೇಕಾಗಿಲ್ಲ. ಹಾಗಾಗಿ ಇಂದು ನಾನು ಆರಿಸಿಕೊಂಡಿರುವುದು ಕೈಯಲ್ಲಿ ಹಿಡಿಯಲಾಗದ ಆಟಿಕೆಗಳನ್ನು. ಟಿ.ವಿ. ಪರದೆಯ ಮೇಲೆ, ಕಂಪ್ಯೂಟರಿನಲ್ಲಿ, ಈಗ ಎಲ್ಲರ ಅಂಗೈಯ ಮೊಬೈಲಿನಲ್ಲಿ ಓಡುವ ವಿಡಿಯೊ ಗೇಮ್‌ಗಳನ್ನು. ಅವುಗಳನ್ನು ತಯಾರಿಸುತ್ತಿದ್ದ, ಇಂದು ಆ ಹೆಸರಿನಲ್ಲಿ ಇಲ್ಲದಿರುವ ಎರಡು ಕಾರ್ಖಾನೆಗಳ ಕಥೆ ಹೇಳುತ್ತೇನೆ. ಒಂದು ಜಪಾನಿನದು, ಇನ್ನೊಂದು ನಮ್ಮ ಬೆಂಗಳೂರಿನದು.

‘ಮುಚ್ಚಿಹೋದ ಕಂಪೆನಿಗಳ ಕಥೆ ಕಟ್ಟಿಕೊಂಡು ನಮಗೇನಪ್ಪಾ ಆಗಬೇಕು?’ ಎಂದು ಹಿರಿಯರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮರದ ಬೊಂಬೆ ಮಾಡುವ ಕಾರ್ಖಾನೆ ಮುಚ್ಚಿದರೂ ಅದು ಮಾಡಿದ ಬೊಂಬೆ ಯಾವುದೋ ಮನೆಯ ಗೂಡಿನಲ್ಲಿ ಉಳಿದಿರುತ್ತದೆ. ಮೊಮ್ಮಕ್ಕಳು ಅದನ್ನು ಎಳೆದಾಡುತ್ತಾರೆ. ಆದರೆ ಕಂಪ್ಯೂಟರ್ ಆಟ ತಯಾರಿಸುವ ಕಾರ್ಖಾನೆ ಮುಚ್ಚಿದರೆ ಉಳಿಯುವುದೇನು? ಮಾಡಿದವರ ಹೆಸರು ಎಲ್ಲಿ ಹೋಗುತ್ತದೆ? ಚನ್ನಪಟ್ಟಣದ ನಿಲ್ದಾಣದಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಕಂಪ್ಯೂಟರ್ ಕಚೇರಿಗಳಿಗೆ ಹೋಗುವ ನಮ್ಮ ಮಕ್ಕಳಿಗೆ ಇದು ದೂರದ ಪ್ರಶ್ನೆಯಲ್ಲ.

ಮೊದಲು ಈ ಆಟಿಕೆ ತಯಾರಾಗುವ ಬಗೆ ನೋಡೋಣ. ಪರದೆಯ ಮೇಲೆ ಓಡುವ ಒಂದು ಕಾರನ್ನೇ ತೆಗೆದುಕೊಳ್ಳಿ. ಕಲಾವಿದ ನಿಜವಾದ ಕಾರಿನ ನೂರಾರು ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು, ಸಣ್ಣ ಸಣ್ಣ ತ್ರಿಕೋನಗಳನ್ನು ಒಂದಕ್ಕೊಂದು ಹೆಣೆದು ಕಂಪ್ಯೂಟರಿನೊಳಗೆ ಅದರ ಆಕಾರ ಕಟ್ಟುತ್ತಾನೆ. ಇದು ಮರವನ್ನು ಕಡೆಯುವ ಕೆಲಸ. ಆಮೇಲೆ ಆ ಆಕಾರಕ್ಕೆ ಬಣ್ಣ, ಹೊಳಪು, ಗೀರು, ಧೂಳಿನ ಪದರ ಹೊದಿಸುತ್ತಾನೆ. ಇದು ಅರಗು ಹಚ್ಚುವ ಕೆಲಸ. ಕಾರು ಹೇಗೆ ತಿರುಗಬೇಕು, ಡಿಕ್ಕಿ ಹೊಡೆದರೆ ಏನಾಗಬೇಕು ಎಂಬ ನಿಯಮಗಳನ್ನು ಬರೆಯುವವರು ಪ್ರೋಗ್ರಾಮರುಗಳು. ಸದ್ದು ಸೇರಿಸುವವರು ಬೇರೆ, ಆಡಿ ನೋಡಿ ತಪ್ಪು ಹುಡುಕುವವರು ಬೇರೆ. ದೊಡ್ಡ ಆಟವೊಂದಕ್ಕೆ ಸಾವಿರಾರು ಜನರ ಕೈ ತಗಲುತ್ತದೆ. ಹೀಗೆ ಆಟ ತಯಾರಾಗುವ ಜಾಗಕ್ಕೆ ಸ್ಟುಡಿಯೊ ಎನ್ನುತ್ತಾರೆ.

ಈ ಕಸುಬಿನಲ್ಲಿ ಬಹುಕಾಲ ಜಗತ್ತಿಗೆ ಗುರುವಾಗಿದ್ದ ದೇಶ ಜಪಾನ್. ಆ ದೇಶದ ಹೆಸರು ನಮ್ಮ ಭಾಗಕ್ಕೂ ಹೊಸದಲ್ಲ. ಚನ್ನಪಟ್ಟಣದ ಬೊಂಬೆಗಳ ಪಿತಾಮಹರೆಂದು ಇಲ್ಲಿನವರು ಗೌರವಿಸುವ ಬಾವಾಸ್ ಮಿಯಾನ್ ಅವರು ಅರಗಿನ ಕೆಲಸದ ತಂತ್ರಗಳನ್ನು ಜಪಾನಿನಿಂದ ಕಲಿತು ತಂದರೆಂಬ ಪ್ರತೀತಿ ಇದೆ. ಅಲ್ಲಿನ ವಿಡಿಯೊ ಗೇಮ್ ಕಂಪೆನಿಗಳ ಬೇರೂ ಹಳೆಯ ಆಟಿಕೆಗಳಲ್ಲೇ ಇದೆ. ಜಗತ್ಪ್ರಸಿದ್ಧ ನಿಂಟೆಂಡೊ 1889ರಲ್ಲಿ ಕ್ಯೋಟೊ ನಗರದಲ್ಲಿ ಹೂವಿನ ಚಿತ್ರದ ಇಸ್ಪೀಟು ಎಲೆಗಳನ್ನು ಮಾಡಲು ಹುಟ್ಟಿದ ಸಂಸ್ಥೆ.

ನಾನು ಹೇಳಹೊರಟಿರುವ ಜಪಾನಿ ಸಂಸ್ಥೆಯ ಹೆಸರು ಹಡ್ಸನ್ ಸಾಫ್ಟ್. ಜಪಾನಿನ ಉತ್ತರ ತುದಿಯ ಹೊಕ್ಕೈಡೊ ದ್ವೀಪದಲ್ಲಿ, ಹಿಮ ಸುರಿಯುವ ಸಪ್ಪೊರೊ ನಗರದಲ್ಲಿ ಯೂಜಿ ಕುಡೊ ಮತ್ತು ಹಿರೋಶಿ ಕುಡೊ ಎಂಬ ಅಣ್ಣತಮ್ಮಂದಿರು 1973ರಲ್ಲಿ ಹವ್ಯಾಸಿ ರೇಡಿಯೊ ಉಪಕರಣಗಳ ಅಂಗಡಿ ತೆರೆದರು. ಅವರಿಗೆ ಉಗಿಬಂಡಿಗಳೆಂದರೆ ಪ್ರಾಣ. ಆದ್ದರಿಂದ ಹಡ್ಸನ್ ಎಂಬ ಒಂದು ಬಗೆಯ ರೈಲು ಎಂಜಿನ್ನಿನ ಹೆಸರನ್ನೇ ಅಂಗಡಿಗೆ ಇಟ್ಟರು. ಎಪ್ಪತ್ತರ ದಶಕದ ಕೊನೆಗೆ ಮನೆಬಳಕೆಯ ಕಂಪ್ಯೂಟರುಗಳು ಬಂದಾಗ ಅವುಗಳಿಗೆ ಆಟಗಳನ್ನು ಬರೆದು ಮಾರತೊಡಗಿದರು. ರಾಜಧಾನಿ ಟೋಕಿಯೊದಿಂದ ನೂರಾರು ಮೈಲಿ ದೂರದ ಊರಿನಲ್ಲಿ ಹೀಗೆ ಒಂದು ಉದ್ಯಮ ಚಿಗುರಿತು.

1983ರಲ್ಲಿ ಹಡ್ಸನ್ ‘ಬಾಂಬರ್‌ಮ್ಯಾನ್’ ಎಂಬ ಆಟವನ್ನು ಹೊರತಂದಿತು. ಇಟ್ಟಿಗೆಗಳ ಚಕ್ರವ್ಯೂಹದಲ್ಲಿ ಸಿಕ್ಕಿಕೊಂಡ ಪುಟ್ಟ ಬೊಂಬೆಯೊಂದು ಬಾಂಬಿಟ್ಟು ದಾರಿ ಮಾಡಿಕೊಳ್ಳುವ ಆಟ. ಅದೇ ವರ್ಷ ನಿಂಟೆಂಡೊ, ಟಿ.ವಿ.ಗೆ ಜೋಡಿಸುವ ‘ಫ್ಯಾಮಿಕಾಮ್’ ಎಂಬ ಆಟದ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಆ ಯಂತ್ರಕ್ಕೆ ಹೊರಗಿನವರೂ ಆಟ ತಯಾರಿಸಿ ಮಾರುವ ಅವಕಾಶ ಸಿಕ್ಕಾಗ, ಆ ಬಾಗಿಲಲ್ಲಿ ಮೊದಲು ಕಾಲಿಟ್ಟದ್ದು ಹಡ್ಸನ್. 1984ರಲ್ಲಿ ಅದು ಅಮೆರಿಕದ ‘ಲೋಡ್ ರನ್ನರ್’ ಎಂಬ ಆಟವನ್ನು ಫ್ಯಾಮಿಕಾಮ್‌ಗೆ ಒಗ್ಗಿಸಿ ಮಾರಿತು. ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾದವು.

1985ರಿಂದ ಬೇಸಿಗೆ ರಜೆಯಲ್ಲಿ ಹಡ್ಸನ್ನಿನವರು ಊರೂರಿಗೆ ಹೋಗಿ ಮಕ್ಕಳಿಗೆ ಆಟದ ಸ್ಪರ್ಧೆ ನಡೆಸಿದರು. ಅವರ ನೌಕರರಲ್ಲಿ ಒಬ್ಬರಾದ ತಕಾಹಾಶಿ, ಒಂದು ಸೆಕೆಂಡಿನಲ್ಲಿ 16 ಬಾರಿ ಗುಂಡಿ ಒತ್ತುತ್ತಾರೆಂದು ಹೆಸರಾಗಿ, ಜಪಾನಿನ ಮಕ್ಕಳಿಗೆ ಸಿನಿಮಾ ನಾಯಕನಷ್ಟು ಪ್ರಿಯರಾದರು. 1987ರಲ್ಲಿ ಎನ್‌ಇಸಿ ಕಂಪೆನಿಯೊಡನೆ ಸೇರಿ ಹಡ್ಸನ್ ‘ಪಿಸಿ ಎಂಜಿನ್’ ಎಂಬ ಆಟದ ಯಂತ್ರವನ್ನೇ ರೂಪಿಸಿತು. ಮರುವರ್ಷ ಅದಕ್ಕೆ ಸಿ.ಡಿ. ಜೋಡಿಸುವ ವ್ಯವಸ್ಥೆ ಬಂತು. ಮನೆಯ ಆಟದ ಯಂತ್ರಕ್ಕೆ ಸಿ.ಡಿ. ಬಳಸಿದ್ದು ಅದೇ ಮೊದಲು. 1988ರಲ್ಲೇ ಬಂದ ಅವರ ‘ಮೊಮೊತಾರೊ ಡೆಂಟೆಟ್ಸು’ ಆಟದಲ್ಲಿ, ಆಡುವವರು ರೈಲಿನಲ್ಲಿ ಜಪಾನನ್ನೆಲ್ಲ ಸುತ್ತಿ, ಆಯಾ ಊರಿನ ಹೆಸರುವಾಸಿ ವ್ಯಾಪಾರಗಳನ್ನು ಕೊಳ್ಳುತ್ತ ಹೋಗಬೇಕು. ಆ ಲೆಕ್ಕದಲ್ಲಿ ನಮ್ಮ ಕಡೆಯ ರೈಲು ಹತ್ತಿದರೆ ರಾಮನಗರದಲ್ಲಿ ರೇಷ್ಮೆ, ಚನ್ನಪಟ್ಟಣದಲ್ಲಿ ಬೊಂಬೆ, ಮದ್ದೂರಿನಲ್ಲಿ ವಡೆ! ತಮ್ಮ ನೆಲದ ಭೂಗೋಳವನ್ನೇ ಅವರು ಆಟ ಮಾಡಿದರು.

ಇಷ್ಟು ಬೆಳೆದ ಸಂಸ್ಥೆ ಅಳಿದದ್ದು ಹೇಗೆ? 1997ರ ನವೆಂಬರಿನಲ್ಲಿ ಹೊಕ್ಕೈಡೊ ತಕುಶೊಕು ಬ್ಯಾಂಕ್ ಕುಸಿಯಿತು. ಅದು ಹಡ್ಸನ್ನಿಗೆ ಹಣದ ಬೆಂಬಲವಾಗಿದ್ದ ಮುಖ್ಯ ಬ್ಯಾಂಕು. ಬಂಡವಾಳಕ್ಕಾಗಿ ಷೇರುಪೇಟೆಗೆ ಹೋಗಬೇಕಾಯಿತು. 2001ರಲ್ಲಿ ಕೊನಾಮಿ ಎಂಬ ದೊಡ್ಡ ಕಂಪೆನಿ ಅದರ ಅತಿ ದೊಡ್ಡ ಷೇರುದಾರನಾಯಿತು. 2005ರಲ್ಲಿ ಬಹುಮತದ ಷೇರು ಅದರ ಕೈಗೆ ಹೋಯಿತು. 2011ರಲ್ಲಿ ಹಡ್ಸನ್ ಪೂರ್ತಿಯಾಗಿ ಕೊನಾಮಿಯ ಅಂಗಸಂಸ್ಥೆಯಾಗಿ, 2012ರ ಮಾರ್ಚ್ 1ರಂದು ಅದರೊಳಗೆ ವಿಲೀನವಾಯಿತು. ರೇಡಿಯೊ ಅಂಗಡಿಯಿಂದ ಹೊರಟ ಬಂಡಿ 39 ವರ್ಷಕ್ಕೆ ನಿಂತಿತು.

ಆದರೆ ಬಾಂಬರ್‌ಮ್ಯಾನ್ ನಿಲ್ಲಲಿಲ್ಲ. 2017ರಲ್ಲಿ ಹೊಸ ಬಾಂಬರ್‌ಮ್ಯಾನ್ ಬಂತು. 2020ರಲ್ಲಿ ಹಳೆಯ ಪಿಸಿ ಎಂಜಿನ್ ಯಂತ್ರವನ್ನು ಅಂಗೈಯಗಲಕ್ಕೆ ಇಳಿಸಿ, ಹಳೆಯ ಆಟಗಳನ್ನು ಅದರೊಳಗೇ ತುಂಬಿ ಕೊನಾಮಿ ಮಾರಿತು. ಅದೇ ವರ್ಷ ಬಂದ ಹೊಸ ಮೊಮೊತಾರೊ ರೈಲಿನ ಆಟ 20 ಲಕ್ಷಕ್ಕೂ ಮೀರಿ ಖರ್ಚಾಯಿತು. ಕಂಪೆನಿ ಹೋದರೂ ಅದು ಹೆತ್ತ ಮಕ್ಕಳು ಬದುಕಿವೆ. ಕಾರಣ ಸರಳ. ಆ ಆಟಗಳು ಹಡ್ಸನ್ನಿನ ಸ್ವಂತ ಆಸ್ತಿಯಾಗಿದ್ದವು. ಕೊಂಡುಕೊಂಡವರು ಕಟ್ಟಡ ಮೇಜುಗಳ ಜೊತೆಗೆ ಆ ಹೆಸರುಗಳನ್ನೂ ಬೆಲೆಯುಳ್ಳ ಸೊತ್ತೆಂದು ಕಾಪಾಡಿಕೊಂಡರು.

ಈಗ ಬೆಂಗಳೂರಿಗೆ ಬರೋಣ. ಹಡ್ಸನ್ನಿನ ಬ್ಯಾಂಕು ಕುಸಿದ ಅದೇ 1997ರಲ್ಲಿ, ರಾಜೇಶ್ ರಾವ್ ಎಂಬ ಯುವಕ ಬೆಂಗಳೂರಿನಲ್ಲಿ ‘ಧ್ರುವ ಇಂಟರ್‌ಆಕ್ಟಿವ್’ ಎಂಬ ಸಂಸ್ಥೆ ಕಟ್ಟಿದರು. ಭಾರತದ ಮೊದಲ ವಿಡಿಯೊ ಗೇಮ್ ಸ್ಟುಡಿಯೊಗಳಲ್ಲಿ ಅದಕ್ಕೆ ಮೊದಲ ಹೆಸರು. ಆ ದಿನಗಳನ್ನು ನೆನಪಿಸಿಕೊಳ್ಳಿ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು, ಉಪಗ್ರಹದ ಮೂಲಕ ತಂತ್ರಾಂಶವನ್ನು ಅಮೆರಿಕಕ್ಕೆ ಕಳಿಸುವ ದಾರಿ ತೆರೆದಿತ್ತು. ಆದರೆ ಜನಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟಿನಲ್ಲಿ. ಎಂಜಿನಿಯರಿಂಗ್ ಓದಿದ ಹುಡುಗ ಬ್ಯಾಂಕಿನ ಲೆಕ್ಕದ ತಂತ್ರಾಂಶ ಬರೆಯುತ್ತೇನೆಂದರೆ ಮನೆಯವರು ಹಿಗ್ಗುತ್ತಿದ್ದರು. ಆಟ ಮಾಡುತ್ತೇನೆಂದರೆ? ‘ಆಡೋ ವಯಸ್ಸೇನಪ್ಪಾ ಇದು?’ ಎನ್ನುವ ಕಾಲ. ಈ ಕಸುಬಿಗೆ ಆಗ ಊರಿನಲ್ಲಿ ಗುರುವೂ ಇರಲಿಲ್ಲ, ಗರಡಿಯೂ ಇರಲಿಲ್ಲ.

ಸ್ವಂತ ಆಟ ಮಾಡಿ ಮಾರಲು ಮಾರುಕಟ್ಟೆ ಬೇಕು. ಹೊರಗಿನ ಆಟದ ಯಂತ್ರಗಳು ನಮ್ಮ ಮಧ್ಯಮವರ್ಗದ ಮನೆಗಳಿಗೆ ದುಬಾರಿ. ಕಂಪ್ಯೂಟರ್ ಇದ್ದ ಮನೆಗಳಲ್ಲೂ ನಕಲು ಸಿ.ಡಿ.ಗಳದೇ ಕಾರುಬಾರು. ಆದ್ದರಿಂದ ಧ್ರುವ ಹೊರದೇಶದ ಕೆಲಸದತ್ತ ಮುಖ ಮಾಡಿತು. ಆರಂಭದಲ್ಲಿ ಬಂದ ದೊಡ್ಡ ಕೆಲಸ ಫ್ರಾನ್ಸಿನ ಇನ್ಫೋಗ್ರಾಮ್ಸ್ ಸಂಸ್ಥೆಯದು; ‘ಮಿಷನ್ ಇಂಪಾಸಿಬಲ್’ ಆಟವನ್ನು ಕಂಪ್ಯೂಟರಿಗೆ ಒಗ್ಗಿಸುವ ಗುತ್ತಿಗೆ.

ಹೊಸ ಶತಮಾನದ ಆರಂಭದಲ್ಲಿ ಮೊಬೈಲು ಫೋನುಗಳು ಬಂದಾಗ ಧ್ರುವ ಇನ್ನೊಂದು ದಾರಿಯನ್ನೂ ನೋಡಿತು. ಮೂಕಿ ಚಿತ್ರಗಳ ಮಹಾನಟ ಚಾರ್ಲಿ ಚಾಪ್ಲಿನ್ನರ ರೂಪವನ್ನು ಮೊಬೈಲು ಆಟಗಳಲ್ಲಿ ಬಳಸುವ ಅಂತರರಾಷ್ಟ್ರೀಯ ಹಕ್ಕನ್ನು ಕೊಂಡಿತು. ಜಗತ್ತಿಗೆಲ್ಲ ಗೊತ್ತಿರುವ ಆ ಟೋಪಿ, ಮೀಸೆ, ಬೆತ್ತದ ಒಡೆತನ ಬೆಂಗಳೂರಿನ ಒಂದು ಪುಟ್ಟ ಕಂಪೆನಿಗೆ! ಅಮೆರಿಕದ ಪತ್ರಕರ್ತ ಥಾಮಸ್ ಫ್ರೀಡ್‌ಮನ್ 2005ರಲ್ಲಿ ಬರೆದ ‘ದಿ ವರ್ಲ್ಡ್ ಈಸ್ ಫ್ಲಾಟ್’ ಪುಸ್ತಕದಲ್ಲಿ ರಾಜೇಶ್ ರಾವ್ ಮತ್ತು ಧ್ರುವದ ಈ ಸಾಹಸವನ್ನು ಉದಾಹರಣೆಯಾಗಿ ಕೊಟ್ಟರು. ಆದರೆ ಆ ಗುಂಡಿಯ ಫೋನುಗಳು ಹತ್ತೇ ವರ್ಷದಲ್ಲಿ ಮೂಲೆ ಸೇರಿದವು. ಫೋನಿನ ಜೊತೆಗೆ ಅದರೊಳಗಿನ ಆಟವೂ ಮೂಲೆ ಸೇರಿತು. ನೂರು ವರ್ಷದ ಮರದ ಕುದುರೆ ಇಂದೂ ಆಟಕ್ಕೆ ಬರುತ್ತದೆ. ಆ ಕಾಲದ ಫೋನಿನ ಆಟವನ್ನು ಇಂದಿನ ಫೋನಿನಲ್ಲಿ ನೇರವಾಗಿ ಆಡಲು ಬರುವುದಿಲ್ಲ.

ಕೊನೆಗೆ ಧ್ರುವದ ಕೈಹಿಡಿದದ್ದು ಕಲೆಯ ಗುತ್ತಿಗೆ. ಅಮೆರಿಕ, ಯೂರೋಪಿನ ದೊಡ್ಡ ಆಟಗಳಿಗೆ ಕಾರು, ಕಟ್ಟಡ, ಗಿಡಮರ, ಪಾತ್ರಗಳನ್ನು ಇಲ್ಲಿ ಕಡೆದು ಕಳಿಸುವ ಕೆಲಸ. ಮೈಕ್ರೊಸಾಫ್ಟ್‌ನ ‘ಫೋರ್ಝಾ’ ಎಂಬ ಕಾರು ಓಟದ ಆಟದ ಸರಣಿ ಲೋಕಪ್ರಸಿದ್ಧ. ಅದರ ಕಾರುಗಳ ರೂಪದಲ್ಲಿ ಬೆಂಗಳೂರಿನ ಕಲಾವಿದರ ಕೈಕೆಲಸವೂ ಇದೆ. ಇಲ್ಲಿ ಮುಗಿಸಿದ ಕೆಲಸ ತಂತಿಯ ಮೂಲಕ ಅಮೆರಿಕಕ್ಕೆ ಹೋಗುತ್ತದೆ. ‘ಈ ದೀಪದ ಅಂಚು ಸರಿಯಿಲ್ಲ, ಆ ಬಾಗಿಲ ಹೊಳಪು ಹೆಚ್ಚಾಯಿತು’ ಎಂದು ತಿದ್ದುಪಡಿಗಳು ಬರುತ್ತವೆ. ಮತ್ತೆ ಕೂರುತ್ತಾರೆ, ಮತ್ತೆ ಕಳಿಸುತ್ತಾರೆ. ನುರಿತ ಕಣ್ಣು, ಅಪಾರ ತಾಳ್ಮೆ ಬೇಡುವ ಕುಶಲ ಕೆಲಸ. ಹೀಗೆ ದುಡಿದು ಧ್ರುವ 300ಕ್ಕೂ ಹೆಚ್ಚು ಜನರ ಸಂಸ್ಥೆಯಾಯಿತು.

2016ರ ಡಿಸೆಂಬರಿನಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಎಂಬ ಕಂಪೆನಿ ಧ್ರುವದ ಶೇಕಡಾ 90ರಷ್ಟು ಪಾಲನ್ನು ಸುಮಾರು 85 ಲಕ್ಷ ಡಾಲರಿಗೆ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಕೊಂಡವರೇ ಮುಳುಗುವ ಸ್ಥಿತಿಗೆ ಬಂದರು. 2018ರ ನವೆಂಬರಿನಲ್ಲಿ ಸ್ಟಾರ್‌ಬ್ರೀಜ್ ಭಾರಿ ನಿರೀಕ್ಷೆಯಿಂದ ಹೊರತಂದ ‘ದಿ ವಾಕಿಂಗ್ ಡೆಡ್’ ಆಟ ನೆಲಕಚ್ಚಿತು. ಮರುತಿಂಗಳೇ ಕಂಪೆನಿ ಸಾಲಗಾರರಿಂದ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲೇರಿತು. ನೋಡಿ, ಸ್ಟಾಕ್‌ಹೋಮಿನಲ್ಲಿ ಒಂದು ಆಟ ಸೋತರೆ ಬೆಂಗಳೂರಿನ ಕಾರ್ಖಾನೆಯ ಒಡೆತನ ಕೈ ಬದಲಾಗುತ್ತದೆ. 2019ರ ಮೇ ತಿಂಗಳಲ್ಲಿ ಸ್ಟಾರ್‌ಬ್ರೀಜ್ ತನ್ನ ಪಾಲನ್ನು 79 ಲಕ್ಷ ಡಾಲರಿಗೆ ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್‌ಗೆ ಮಾರಿತು. ‘ಗ್ರ್ಯಾಂಡ್ ಥೆಫ್ಟ್ ಆಟೊ’ ಆಟಗಳನ್ನು ಮಾಡುವ ಕಂಪೆನಿ ಅದು. 2016ರಿಂದಲೇ ಬೆಂಗಳೂರಿನಲ್ಲಿ ಅದರ ‘ರಾಕ್‌ಸ್ಟಾರ್ ಇಂಡಿಯಾ’ ಶಾಖೆ ಇತ್ತು. ಧ್ರುವದ ಕಲಾವಿದರು ಆ ಶಾಖೆಗೆ ಸೇರಿದರು. 22 ವರ್ಷದ ಧ್ರುವ ಎಂಬ ಹೆಸರು ಅಲ್ಲಿಗೆ ಕೊನೆಯಾಯಿತು.

ಇದನ್ನು ದುರಂತವೆಂದು ಕರೆಯಲು ನಾನು ಒಪ್ಪುವುದಿಲ್ಲ. ಕೆಲಸ ಹೋಗಲಿಲ್ಲ, ಕೆಲಸದ ಮೇಲಿನ ಹೆಸರು ಬದಲಾಯಿತು. ಧ್ರುವ ನೂರಾರು ಜನರಿಗೆ ಸಂಬಳ ಕೊಟ್ಟಿತು, ಈ ನೆಲದಲ್ಲಿ ಇಲ್ಲದ ಒಂದು ಕಸುಬನ್ನು ಕಲಿಸಿತು. ಗುತ್ತಿಗೆ ಕೆಲಸವನ್ನು ಹೀಗಳೆಯುವುದು ಸುಲಭ. ತಿಂಗಳ ಕೊನೆಗೆ ಸಂಬಳ ಕೊಡಬೇಕಾದವರಿಗೆ ಮಾತ್ರ ಅದರ ಬೆಲೆ ಗೊತ್ತು. ಸ್ವಂತ ಆಟವೆಂದರೆ ವರ್ಷಗಟ್ಟಲೆ ಹಣ ಸುರಿದು ಕಾಯುವ ಜೂಜು. ಆ ಜೂಜಿನಲ್ಲಿ ಸೋತೇ ಅಲ್ಲವೇ ಸ್ಟಾರ್‌ಬ್ರೀಜ್ ನೆಲಕ್ಕೆ ಬಿದ್ದದ್ದು?

ಆದರೂ ಎರಡು ಕಾರ್ಖಾನೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಹಡ್ಸನ್ ಹೋಯಿತು; ಬಾಂಬರ್‌ಮ್ಯಾನ್ ಎಂದರೆ ಇಂದೂ ಜಪಾನಿನ ಮಗು ಕಣ್ಣರಳಿಸುತ್ತದೆ. ಧ್ರುವ ಹೋಯಿತು, ಅದು ಕಡೆದ ಕಾರುಗಳನ್ನು ಜಗತ್ತಿನ ಮಕ್ಕಳು ಓಡಿಸಿದ್ದಾರೆ, ಆದರೆ ಅದು ಬೆಂಗಳೂರಿನ ಕೈಕೆಲಸವೆಂದು ಬೆಂಗಳೂರಿನ ಮಗುವಿಗೂ ಗೊತ್ತಿಲ್ಲ. ಎರಡು ಕಡೆಯ ಕೈಗಳ ಕುಶಲತೆಯಲ್ಲಿ ಕೊರತೆಯಿರಲಿಲ್ಲ. ವ್ಯತ್ಯಾಸವಿದ್ದದ್ದು ಒಡೆತನದ ಕಾಗದದಲ್ಲಿ.

ಜಪಾನಿನಲ್ಲಿ ಎಲ್ಲರಿಗೂ ಹೆಸರು ಸಿಕ್ಕಿತೆಂದು ತಿಳಿಯಬೇಡಿ. ಎಂಬತ್ತರ ದಶಕದಲ್ಲಿ ಅಲ್ಲಿನ ಅನೇಕ ಕಂಪೆನಿಗಳು, ಬೇರೆಯವರು ತಮ್ಮ ಜನರನ್ನು ಸೆಳೆದುಕೊಂಡಾರೆಂಬ ಭಯಕ್ಕೆ, ಆಟದ ಕೊನೆಯಲ್ಲಿ ನಿಜವಾದ ಹೆಸರುಗಳ ಬದಲು ಅಡ್ಡಹೆಸರುಗಳನ್ನು ಹಾಕಿಸುತ್ತಿದ್ದವು. ಯಾರು ಏನು ಮಾಡಿದರೆಂದು ಇಂದಿಗೂ ಅಲ್ಲಿನ ಇತಿಹಾಸಕಾರರು ಹುಡುಕುತ್ತಲೇ ಇದ್ದಾರೆ. ಕ್ಯೋಟೊದ ತೋಸೆ ಎಂಬ ಸಂಸ್ಥೆ 1979ರಿಂದ ಇದೆ. ಸಾವಿರಕ್ಕೂ ಹೆಚ್ಚು ಆಟಗಳಲ್ಲಿ ಅದರ ಕೈವಾಡವಿದೆ. ಆದರೆ ತೆರೆಮರೆಯಲ್ಲಿ ಉಳಿಯುವುದೇ ಅದರ ವ್ಯಾಪಾರದ ರೀತಿ; ಬಹುತೇಕ ಆಟಗಳಲ್ಲಿ ಅದರ ಹೆಸರೇ ಕಾಣುವುದಿಲ್ಲ.

ಈ ಪ್ರಶ್ನೆ ನಮ್ಮ ಬೊಂಬೆಗಳಿಗೂ ಹೊಸದಲ್ಲ. ಚನ್ನಪಟ್ಟಣದ ಬೊಂಬೆ, ಆಟಿಕೆಗಳಿಗೆ 2005–06ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಬೇರೆ ಊರಿನಲ್ಲಿ ಮಾಡಿದ್ದನ್ನು ಈ ಹೆಸರಿನಲ್ಲಿ ಮಾರುವಂತಿಲ್ಲ ಎಂಬುದು ಅದರ ಅರ್ಥ. ಅದರಿಂದ ಊರಿನ ಹೆಸರಿಗೆ ರಕ್ಷಣೆ ಬಂತು, ಕಡೆದವರ ಹೆಸರಿಗಲ್ಲ. ಆದರೂ ಊರಿನ ಹೆಸರಾದರೂ ಉಳಿಯಿತಲ್ಲ, ಅದು ಸಣ್ಣ ಮಾತಲ್ಲ. ಕಂಪ್ಯೂಟರಿನಲ್ಲಿ ಕಡೆದ ಬೊಂಬೆಗೆ ಅಷ್ಟೂ ಇಲ್ಲ. 2020ರ ಆಗಸ್ಟ್ 30ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯವರು ಚನ್ನಪಟ್ಟಣದ ಆಟಿಕೆಗಳನ್ನು ಹೆಸರಿಸಿದರು. ಅದೇ ಮಾತಿನಲ್ಲಿ ಭಾರತದ ವಸ್ತುವನ್ನು ಇಟ್ಟುಕೊಂಡು ಇಲ್ಲಿಯೇ ಕಂಪ್ಯೂಟರ್ ಆಟಗಳನ್ನು ಮಾಡಬೇಕೆಂದೂ ಕರೆಕೊಟ್ಟರು. ಮರದ ಆಟಿಕೆ, ಪರದೆಯ ಆಟಿಕೆ ಎರಡೂ ಒಂದೇ ಮಾತಿನಲ್ಲಿ ಬಂದವು. ಆದರೆ ಭಾರತದ ವಸ್ತು ಎಂದರೆ ಕಥೆ ನಮ್ಮದಾದರೆ ಸಾಲದು. ಅದರ ಒಡೆತನವೂ, ಮಾಡಿದವರ ಹೆಸರೂ ಇಲ್ಲಿ ಉಳಿಯಬೇಕು.

ಹಾಗಾದರೆ ಏನು ಮಾಡಬಹುದು? ಎರಡು ಮಾತು ಹೇಳುತ್ತೇನೆ.

ಮೊದಲನೆಯದು ಕೆಲಸಕ್ಕೆ ಹೋಗುವ ತಮ್ಮತಂಗಿಯರಿಗೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ನೌಕರ ಕೆಲಸದ ಭಾಗವಾಗಿ ಮಾಡಿದ ಕೃತಿಯ ಮೊದಲ ಒಡೆಯ ಸಂಬಳ ಕೊಡುವವನೇ. ಅದು ಸರಿ. ಆದರೆ ಅದೇ ಕಾಯ್ದೆಯ 57ನೇ ಕಲಂ ಇನ್ನೊಂದು ಮಾತು ಹೇಳುತ್ತದೆ. ಹಕ್ಕು ಬೇರೆಯವರಿಗೆ ಹೋದ ಮೇಲೂ ‘ಇದನ್ನು ಮಾಡಿದವನು ನಾನು’ ಎಂದು ಹೇಳಿಕೊಳ್ಳುವ ವಿಶೇಷ ಹಕ್ಕು ಕೃತಿಕಾರನಿಗೆ ಇದೆ. ಕರಾರಿಗೆ ಸಹಿ ಹಾಕುವಾಗ ಸಂಬಳದ ಸಾಲನ್ನು ಓದುವಷ್ಟೇ ಗಮನವಿಟ್ಟು, ನಿಮ್ಮ ಹೆಸರು ಎಲ್ಲಿ ಬರುತ್ತದೆಂಬ ಸಾಲನ್ನೂ ಓದಿ. ಇಲ್ಲದಿದ್ದರೆ ಕೇಳಿ. ಕೇಳುವುದಕ್ಕೆ ಕಾಸು ಬೇಕಾಗಿಲ್ಲ.

ಎರಡನೆಯದು ನಮ್ಮೆಲ್ಲರಿಗೆ. ಜಪಾನಿನಲ್ಲಿ 2000ನೇ ಇಸವಿಯಿಂದ, ಪೆಟ್ಟಿಗೆಯಲ್ಲಿ ಮಾರಾಟವಾಗುವ ವಿಡಿಯೊ ಗೇಮ್‌ಗಳ ಪ್ರತಿಯೂ ಪುಸ್ತಕಗಳ ಹಾಗೆಯೇ ರಾಷ್ಟ್ರೀಯ ಸಂಸತ್ ಗ್ರಂಥಾಲಯಕ್ಕೆ ಸೇರಬೇಕೆಂಬ ಕಾನೂನಿದೆ. ನಮ್ಮಲ್ಲಿ ಗ್ರಂಥಾಲಯಗಳಿಗೆ ಪ್ರತಿ ಒಪ್ಪಿಸಬೇಕೆಂಬ 1954ರ ಕಾಯ್ದೆ ಪುಸ್ತಕಗಳಿಗಾಗಿ ಬಂದದ್ದು; ಎರಡು ವರ್ಷದ ಮೇಲೆ ಪತ್ರಿಕೆಗಳೂ ಅದರಲ್ಲಿ ಸೇರಿದವು. ಆಟಗಳನ್ನು ಆಗ ಯಾರೂ ಕಂಡಿರಲಿಲ್ಲ. ಅವುಗಳನ್ನೂ ಕಾಪಿಡಬೇಕೆಂದು ಕೇಳುವುದು ಇಂದಿನವರ ಕೆಲಸ. ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಧ್ರುವದಲ್ಲಿ ದುಡಿದವರು ಇನ್ನೂ ನಡುವಯಸ್ಸಿನಲ್ಲಿದ್ದಾರೆ. ಯಾವ ಆಟಕ್ಕೆ ಯಾವ ಕಾರು ಕಡೆದೆವು, ಯಾವ ಯಂತ್ರದಲ್ಲಿ ಕೆಲಸ ಮಾಡಿದೆವು ಎಂಬುದನ್ನು ಕರಾರು ಮೀರದಂತೆ ಅವರು ಬರೆದಿಟ್ಟರೆ, ಅದೇ ನಮ್ಮ ಮೊದಲ ದಾಖಲೆ. ಪತ್ರಿಕೋದ್ಯಮ ಕಲಿಯುತ್ತಿರುವ ವಿದ್ಯಾರ್ಥಿಗಳು ಅವರ ಮನೆಗೆ ಹೋಗಿ ಕೇಳಿ ಬರೆದುಕೊಳ್ಳಬಹುದು. ಹಾಗೆಯೇ ಇಲ್ಲಿನ ಲೇಥಿನ ಮುಂದೆ ನಲವತ್ತು ವರ್ಷ ಕೂತ ಹಿರಿಯರ ಮಾತನ್ನೂ, ಈಗ ಆ ಕೆಲಸ ಮಾಡುತ್ತಿರುವ ಹೆಣ್ಣುಮಕ್ಕಳ ಮಾತನ್ನೂ ಬರೆದಿಡಬಹುದು. ಎರಡೂ ಒಂದೇ ಪುಸ್ತಕದ ಎರಡು ಅಧ್ಯಾಯ ಎಂದು ನಾನು ತಿಳಿಯುತ್ತೇನೆ.

ಪ್ರಶ್ನೆಗಳಿದ್ದರೆ ಕೇಳಿ, ತಿಳಿದಷ್ಟು ಹೇಳುತ್ತೇನೆ. ಮನೆಯಲ್ಲಿ ಹಳೆಯ ಬೊಂಬೆ ಇಟ್ಟುಕೊಂಡವರು, ಅದನ್ನು ಕಡೆದವರ ಹೆಸರು ಗೊತ್ತಿದ್ದರೆ, ಹೊರಡುವ ಮುನ್ನ ನನ್ನ ನೋಟ್‌ಬುಕ್ಕಿನಲ್ಲಿ ಬರೆಸಿ ಹೋಗಿ.